ಅಮ್ಮನ ಮೆಟ್ಟಿಲು ನುಂಗಿದ ರಸ್ತೆ

ನಮ್ಮ ಭಾವ ನಗರಸಭೆಯ ರಸ್ತೆ ಇಂಜಿನಿಯರ್. ಬೀದಿಯವರು ಬೆನ್ನ ಹಿಂದೆ ‘ಡಾಂಬರು ಸಾಹೇಬರು’ ಅನ್ನುತ್ತಾರೆ, ಎದುರಿಗೆ ಬರೀ ಸಾಹೇಬರು. ನಾನು ಅವರ ಹೆಂಡತಿಯ ತಮ್ಮ, ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕನನ್ನು ಕೊಟ್ಟ ಮನೆ ಅಂತ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇನ್ನು ಆಗುವುದಿಲ್ಲ.

ಭಾವ ಯಾವುದನ್ನೂ ಕೆರೆದು ತೆಗೆಯುವ ಜಾತಿಯವರಲ್ಲ, ಮೇಲೆ ಬಳಿಯುವವರು. ಗೋಡೆಯ ಬಣ್ಣ ಉದುರಿದರೆ ಅದರ ಮೇಲೆಯೇ ಇನ್ನೊಂದು ಬಣ್ಣ. ಮೇಜಿಗೆ ಹಾಸಿದ ಪೇಪರ್ ಕೊಳೆಯಾದರೆ ಅದರ ಮೇಲೆ ಹೊಸ ಪೇಪರ್. ಕೂದಲು ನೆರೆತಾಗಿನಿಂದ ತಲೆಗೂ ಅದೇ ಚಿಕಿತ್ಸೆ. ಇಂಥವರ ಕೈಗೆ ಊರಿನ ರಸ್ತೆಗಳನ್ನೆಲ್ಲ ಕೊಟ್ಟಿದ್ದಾರೆ.

ಅವರು ಯೋಜನೆ ಹಾಕುವ ಚೆಂದವನ್ನು ನೋಡಬೇಕು. ಮಳೆಗಾಲ ಮುಗಿದ ಮೇಲೆ ಯಾವ ಬೀದಿ ಎಷ್ಟು ಹಾಳಾಗಿದೆ ಅಂತ ಸಮೀಕ್ಷೆ ಮಾಡಬೇಕು, ಅದು ನಿಯಮ. ಭಾವ ಜೀಪಿನ ಗಾಜನ್ನೂ ಇಳಿಸದೆ ಸಮೀಕ್ಷೆ ಮುಗಿಸುತ್ತಾರೆ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಗುಂಡಿ ಜಾಸ್ತಿ ಅಂತ ಜೀಪು ಅತ್ತ ಹೋಗುವುದೇ ಇಲ್ಲ. ಹೋಗದ ರಸ್ತೆ ಕೆಟ್ಟಿರುವುದು ಸಾಹೇಬರಿಗೆ ಹೇಗೆ ಗೊತ್ತಾಗಬೇಕು ಪಾಪ! ಆಮೇಲೆ ಸಭೆಯಲ್ಲಿ ಮೇಜು ಗುದ್ದಿದ ಸದಸ್ಯನ ಬೀದಿಗೆ ಮೊದಲ ಮರ್ಯಾದೆ. ವರ್ಷದ ಕೊನೆ ಬಂದರೆ ಉಳಿದ ಅನುದಾನ ವಾಪಸ್ ಹೋಗುತ್ತದೆಂಬ ಗಾಬರಿ. ಆಗ ನೆನಪಾಗುವುದು ತಮ್ಮದೇ ಬೀದಿ. ಅದು ಈಗಾಗಲೇ ನುಣ್ಣಗಿದೆ, ಗುಂಡಿ ಮುಚ್ಚುವ ತಲೆನೋವಿಲ್ಲ. ಗುತ್ತಿಗೆದಾರ ಡಾಂಬರು ಜಲ್ಲಿ ಸುರಿದು ರೋಲರ್ ಓಡಿಸಿದರೆ ಕೆಲಸ ಮುಗಿಯಿತು.

ಹೊಸದು ಹಾಕುವ ಮುಂಚೆ ಹಳೆಯ ಪದರವನ್ನು ಕೆರೆದು ತೆಗೆಯಬೇಕೆಂದು ಬೀದಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಕೆರೆಯುವ ಯಂತ್ರವೂ ನಗರಸಭೆಯಲ್ಲಿದೆ, ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದೆ. ಅದನ್ನು ಯಾಕೆ ತರಿಸುವುದಿಲ್ಲ ಅಂತ ಒಮ್ಮೆ ಕೇಳಿದೆ.

"ಕೆರೆದು ಹಾಕಿದ್ರೆ ರಸ್ತೆ ಇದ್ದಷ್ಟೇ ಇರುತ್ತಪ್ಪ," ಅಂದರು ಭಾವ. "ಕೆಲಸ ಆಗಿದೆ ಅಂತ ಜನಕ್ಕೆ ಕಾಣೋದು ಬೇಡ್ವಾ?"

ಹೀಗೆ ರಸ್ತೆ ಏರುತ್ತಾ ಹೋಯಿತು, ಮನೆ ಇಳಿಯುತ್ತಾ ಹೋಯಿತು. ಸ್ಕೂಟರ್ ನಿಲ್ಲಿಸುವ ಸಂದಿಗೆ ಒಂದು ಕಬ್ಬಿಣದ ಗೇಟಿದೆ, ಬೀದಿಯ ಕಡೆಗೆ ತೆರೆಯುವಂಥದ್ದು. ಪ್ರತಿ ಸಲ ರೋಲರ್ ಅತ್ತ ಹೋದ ಕೂಡಲೇ ಅಕ್ಕನ ಫೋನು: "ಗೇಟು ಮತ್ತೆ ಕಚ್ಕೊಂಡಿದೆ ಕಣೋ, ಬಾ." ನಾನು ಹೋಗಿ ಕೆಳಗಿನಿಂದ ಕತ್ತರಿಸಿ, ಅಡ್ಡಪಟ್ಟಿ ಬೆಸೆದು ಬರುತ್ತೇನೆ. ಎದೆಯೆತ್ತರ ಇದ್ದ ಗೇಟು ಈಗ ಬೀದಿಯಲ್ಲಿ ನಿಂತವರ ಸೊಂಟಕ್ಕೂ ಬರುವುದಿಲ್ಲ. ನಾಯಿಗಳು ಹಾರಿ ಬಂದು ಸ್ಕೂಟರ್ ಸೀಟಿನ ಮೇಲೆ ಮಲಗುತ್ತವೆ.

ಗೇಟು ಹಾಳಾಗಿ ಹೋಗಲಿ. ನನ್ನ ಹೊಟ್ಟೆ ಉರಿಯುವುದು ಭಾವನ ತಾಯಿಯ ಪಾಡು ನೋಡಿ. ನಾನೂ ಅವರನ್ನು ಅಮ್ಮ ಅಂತಲೇ ಕರೆಯುವುದು. ಬೀದಿ ಬಾಗಿಲಿಗೆ ಮೂರು ಕಲ್ಲಿನ ಮೆಟ್ಟಿಲಿದ್ದವು. ಮಂಡಿ ಕೆಟ್ಟ ಮೇಲೆ ಅಮ್ಮನಿಗೆ ಹೊರಗಿನ ಲೋಕವೆಂದರೆ ಮೇಲಿನ ಮೆಟ್ಟಿಲೊಂದೇ. ಸಂಜೆ ಗೋಡೆ ಹಿಡಿದುಕೊಂಡು ಬಂದು ಕೂತರೆ ಹಾಲಿನವನ ಸಂಸಾರ, ಎದುರುಮನೆ ಸೊಸೆಯ ಮುನಿಸು ಎಲ್ಲದಕ್ಕೂ ಅಲ್ಲೇ ವಿಚಾರಣೆ, ಅಲ್ಲೇ ತೀರ್ಪು. ನನ್ನ ಅಂಗಡಿಗೆ ಅರ್ಧ ಗಿರಾಕಿಗಳನ್ನು ಕಳಿಸಿದ್ದೂ ಆ ಮೆಟ್ಟಿಲೇ.

ಕೆಳಗಿನ ಮೆಟ್ಟಿಲು ಮೊದಲು ಹೋಯಿತು, ಆಮೇಲೆ ನಡುವಿನದು. ಕೊನೆಗೆ ಮೇಲಿನದೂ ಹೂತುಹೋಗಿ ಡಾಂಬರು ಹೊಸ್ತಿಲಿಗೆ ಬಂದು ನಿಂತಿತು. ಮಳೆನೀರು ಒಳಗೆ ಬರುತ್ತದೆಂದು ಭಾವ ಬಾಗಿಲಿಗೆ ಅಡ್ಡವಾಗಿ ಮಂಡಿಯೆತ್ತರದ ಸಿಮೆಂಟು ಕಟ್ಟೆ ಕಟ್ಟಿಸಿದರು. ನಾವೆಲ್ಲ ಕಾಲೆತ್ತಿ ದಾಟುತ್ತೇವೆ. ಅಮ್ಮನಿಗೆ ದಾಟಲಾಗುವುದಿಲ್ಲ. ಅಂದಿನಿಂದ ಅವರು ಒಳಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಮಾತಾಡಲು ಯಾರೂ ನಿಲ್ಲುತ್ತಿರಲಿಲ್ಲ.

ಈ ವರ್ಷ ಆ ಬೀದಿಗೆ ಮತ್ತೆ ಡಾಂಬರು ಅಂತಾಯಿತು. ಅಕ್ಕ ಊಟಕ್ಕೆ ಬಡಿಸುತ್ತಲೇ ಕೇಳಿದಳು.

"ರೀ, ಈ ಸಲವಾದ್ರೂ ಕೆರೆಸಿ. ನೀವು ಹೂಂ ಅಂದ್ರೆ ಸಾಕು. ಅತ್ತೆ ಮೆಟ್ಟಿಲು ಎಲ್ಲೂ ಹೋಗಿಲ್ಲ, ಅಲ್ಲೇ ಕೆಳಗಿದೆ."

"ಅಧ್ಯಕ್ಷರು ಉದ್ಘಾಟನೆಗೆ ಬರ್ತಿದಾರೆ ಕಣೆ. ಕೆರೆಯೋಕೆ ನಿಂತ್ರೆ ತಡ ಆಗುತ್ತೆ."

"ಭಾವ, ಅಮ್ಮ ಬೀದಿ ಮುಖ ನೋಡಿ ಎಷ್ಟು ದಿನ ಆಯ್ತು?" ನಾನು ತಡೆಯಲಾರದೆ ಅಂದೆ.

"ನೀನು ಗೇಟು ನೋಡ್ಕೋ," ಅಂದು ಅನ್ನ ಕಲಸಿಕೊಂಡರು.

ಸುರಿದೇ ಬಿಟ್ಟರು. ಅಧ್ಯಕ್ಷರು ಟೇಪು ಕತ್ತರಿಸಿದರು, ಭಾವ ಎದೆ ಉಬ್ಬಿಸಿಕೊಂಡು ಫೋಟೋಗೆ ನಿಂತರು. ಮೊದಲ ಜೋರು ಮಳೆಗೇ ರಸ್ತೆಯ ನೀರೆಲ್ಲ, ಹೊಸ ಪದರದಿಂದ ಗಿಡ್ಡವಾಗಿದ್ದ ಕಟ್ಟೆಯನ್ನು ಹಾರಿ ಅಮ್ಮನ ಕೋಣೆಗೆ ನುಗ್ಗಿತು. ಮಂಚದಿಂದ ಇಳಿಬಿದ್ದಿದ್ದ ಹೊದಿಕೆ ನೆನೆದು ತೊಪ್ಪೆಯಾಯಿತು. ಅಕ್ಕ, ನಾನು ಸೇರಿ ಅಮ್ಮನನ್ನು ಕುರ್ಚಿಯ ಸಮೇತ ಎತ್ತಿ ಮಹಡಿಗೆ ಹತ್ತಿಸಿದೆವು. ಅಷ್ಟು ಹೊತ್ತಿಗೆ ಭಾವ ಛತ್ರಿ ಹಿಡಿದು ಬಂದರು. ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ, ರಸ್ತೆ ನೋಡಿದರು.

"ನೋಡಿದ್ಯಾ, ರಸ್ತೆ ಮೇಲೆ ಒಂದು ಹನಿ ನಿಂತಿಲ್ಲ!"

ನಿಲ್ಲಬೇಕಾದದ್ದೆಲ್ಲ ಅವರ ತಾಯಿಯ ಮಂಚದ ಕೆಳಗೆ ನಿಂತಿತ್ತು. ಥೂ ಅಂತ ಉಗಿಯಬೇಕೆನಿಸಿತು. ಅಕ್ಕನ ಮುಖ ನೋಡಿ ಬಕೆಟ್ಟು ಎತ್ತಿಕೊಂಡೆ.

ಮಹಡಿಯ ಮೆಟ್ಟಿಲು ಕಡಿದು. ಅಮ್ಮನನ್ನು ಹತ್ತಿಸಿದ್ದೇ ಸಾಹಸ, ಇಳಿಸುವ ಮಾತೇ ಇಲ್ಲ. ಮಳೆ ಬಿಟ್ಟ ಮೇಲೆ ಭಾವ ಗುತ್ತಿಗೆದಾರನನ್ನು ಕರೆದುಕೊಂಡು ಬಂದು ಬೀದಿಯಲ್ಲಿ ನಿಂತರು. ನಾನು ಗೇಟು ಕತ್ತರಿಸುತ್ತಿದ್ದೆ. ಬಾಲ್ಕನಿಯಲ್ಲಿ ಅಮ್ಮ ಕಂಬಿ ಹಿಡಿದು ಕೂತಿದ್ದರು.

"ಅಮ್ಮಾ, ಮೇಲಿಂದ ರಸ್ತೆ ಹೇಗೆ ಕಾಣುತ್ತೆ?" ಭಾವ ಕೂಗಿ ಕೇಳಿದರು.

"ಚೆನ್ನಾಗಿದೆ ಮಗನೇ," ಅಂದರು ಅಮ್ಮ. "ಹೀಗೇ ಹಾಕಿಸ್ತಾ ಇರು, ಇಲ್ಲೀವರೆಗೂ ಬಂದುಬಿಡುತ್ತೆ. ಆಗ ಯಾರ ಹಂಗೂ ಇಲ್ದೆ ನಾನೇ ಹೊರಗೆ ಹೋಗ್ತೀನಿ."

ಗುತ್ತಿಗೆದಾರ ಕೂಡ ತಲೆ ತಗ್ಗಿಸಿದ. ಭಾವ ಮಾತ್ರ ಕತ್ತೆತ್ತಿ, ರಸ್ತೆಯಿಂದ ಬಾಲ್ಕನಿಗೆ ಇನ್ನೆಷ್ಟು ಪದರ ಬೇಕಾಗಬಹುದೆಂದು ಅಂದಾಜು ಹಾಕುತ್ತಾ ನಿಂತಿದ್ದರು.