ನೀರಗಂಟಿಯ ತಂಗಿ

ಶಾಂತಕ್ಕ, ಐದು ಭಾನುವಾರ ನಾನು ಓದುತ್ತಿದ್ದೇನೆಂದು ಹೇಳಿದ ಆ ಕಾದಂಬರಿ ಎಲ್ಲಿಯೂ ಇಲ್ಲ. ನಾನೇ ಕಟ್ಟಿ ಹೇಳಿದ್ದು. ಆ ಸುಳ್ಳು ಹೊರಬೀಳುವ ಹೊತ್ತಿಗೆ, ಎಲ್ಲವನ್ನೂ ಸರಿಯಾಗಿ ನೆನಪಿಟ್ಟುಕೊಂಡಿದ್ದ ನಿಮಗೇ ಮರೆವು ಬಂದಿದೆ ಎಂದು ಹತ್ತು ಜನರೆದುರು ಹೇಳಿದೆ. ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು.

ಈ ಪತ್ರವನ್ನು ಬೇರೆಯವರೂ ಕೇಳಬೇಕು. ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ವಿದ್ಯಾರಣ್ಯಪುರದ ನಮ್ಮ ಪಾರ್ಕಿನ ಹೊಂಗೆಮರದ ಕೆಳಗೆ ಭಾನುವಾರ ಬೆಳಿಗ್ಗೆ ಏಳಕ್ಕೆ ಸೇರುತ್ತಿದ್ದೆವು. ಒಬ್ಬೊಬ್ಬರಿಗೆ ಏಳು ನಿಮಿಷ. ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತಾಡುವಂತಿಲ್ಲ. ಈಗ ಓದುತ್ತಿರುವುದರ ಬಗ್ಗೆ, ಗುರುತಿನ ದಾರ ಇಟ್ಟ ಪುಟದವರೆಗೆ ಮಾತ್ರ ಅಭಿಪ್ರಾಯ ಹೇಳಬೇಕು. ಓದದೆ ಬಂದವರು ಆಚೆಯ ಕಲ್ಲುಬೆಂಚಿನ ಮೇಲೆ ಕೂತು ಸುಮ್ಮನೆ ಕೇಳಬೇಕು. ನಿಯಮಗಳೆಲ್ಲ ನನ್ನವು. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು, ಕೈಯಲ್ಲಿ ಗಡಿಯಾರ ಹಿಡಿದೇ ಕೂರುತ್ತಿದ್ದೆ. ತೋಟದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿದ ನಮ್ಮ ಮುನಿರಾಜು ಒಮ್ಮೆ ಓದದೆ ಬಂದು ಗೋಗರೆದದ್ದು ನಿಮಗೆ ನೆನಪಿರಬೇಕು.

"ಪುಸ್ತಕ ಒತ್ಕೊಂಡಾದ್ರೂ ಬಂದಿವ್ನಲ್ಲ ಮೇಷ್ಟ್ರೆ, ಅದುಕ್ಕೆ ಅರ್ಧ ಮಾರ್ಕ್ಸ್ ಕೊಡಿ!"

"ಬೆಂಚಿಗೆ ಹೋಗಪ್ಪ," ಎಂದಿದ್ದೆ. ಎಲ್ಲರ ಜೊತೆ ನೀವೂ ನಕ್ಕಿದ್ದಿರಿ.

ಆಮೇಲೆ ನನಗೇ ಏನೋ ಆಯಿತು. ಬೆಳಗಿನ ಐದೂವರೆಯಿಂದ ಆರೂವರೆ ನನ್ನ ಓದಿನ ಹೊತ್ತು. ಅಕ್ಷರ ಕಾಣುತ್ತಿತ್ತು, ವಾಕ್ಯ ಸಾಗುತ್ತಿತ್ತು, ಪುಟ ತಿರುಗಿಸಿದರೆ ಹಿಂದಿನ ಪುಟದಲ್ಲಿ ಏನಿತ್ತೆಂದು — ಇಲ್ಲ. ಕಿಟಕಿಯಾಚೆಯ ಮಂಜಿನಂತೆ ಬಿಳಿ. ಮತ್ತೆ ಮೊದಲಿನಿಂದ ಓದುತ್ತಿದ್ದೆ. ಒಂದು ವಾರವೆಲ್ಲ ಒಂದೇ ಪುಟ. ನಾನೇ ಹಾಕಿದ ನಿಯಮದಂತೆ ಕಲ್ಲುಬೆಂಚಿಗೆ ಹೋಗಿ ಕೂರಬೇಕಿತ್ತು. ಕೂರಲಿಲ್ಲ.

ನನ್ನ ಪುಸ್ತಕಗಳಿಗೆಲ್ಲ ನಾನು ಕಂದುಕಾಗದದ ಹೊದಿಕೆ ಹಾಕುವುದು ಎಲ್ಲರಿಗೂ ಗೊತ್ತಿತ್ತು. ಹಳೆಯ ಹಾಜರಿ ಪುಸ್ತಕವೊಂದಕ್ಕೂ ಹಾಕಿದೆ. ಯಾರೂ ಒಳಗೆ ಇಣುಕಲಿಲ್ಲ. ಮೇಷ್ಟ್ರ ಮೇಲೆ ಅಷ್ಟು ನಂಬಿಕೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಬಂದ ಕಥೆ ಹೇಳತೊಡಗಿದೆ.

ಒಂದು ದೊಡ್ಡ ಕೆರೆ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ. ಕೆರೆ ಬತ್ತಿ ಎಷ್ಟೋ ವರ್ಷವಾದರೂ ಅವನು ದಿನಾ ನಸುಕಿನಲ್ಲಿ ಕೆರೆಯ ಏರಿ ಹತ್ತಿ ತೂಬು ತೆಗೆಯುತ್ತಾನೆ. ಏರಿಯ ಕೆಳಗಿನ ಊರಿನಲ್ಲಿ ಮಲಗಿದ್ದವರಿಗೆ ನೀರು ಹರಿಯುವ ಸದ್ದು ಕೇಳುತ್ತದೆ. ಎಲ್ಲರಿಗಿಂತ ಮೊದಲು ಅದು ಕೇಳುವುದು ಅವನ ತಂಗಿಗೆ... ಎಲ್ಲಿಂದ ಬಂತೋ ಅದು. ಹುಡುಗನಾಗಿದ್ದಾಗ ಹೆಸರಘಟ್ಟದ ಏರಿಯ ಮೇಲೆ ನಡೆದದ್ದರಿಂದ ಇರಬಹುದು. ಹೇಳುತ್ತಾ ಹೇಳುತ್ತಾ ನನಗೂ ಆ ಸದ್ದು ಕೇಳಿಸುತ್ತಿತ್ತು. ಹೊಂಗೆಹೂವು ತಲೆಯ ಮೇಲೆ ಉದುರುತ್ತಿತ್ತು, ನೀವು ಕಣ್ಣು ಮುಚ್ಚಿ ಕೇಳುತ್ತಿದ್ದಿರಿ. ಏಳು ನಿಮಿಷ ಮೀರಿದರೂ ಗಡಿಯಾರ ನೋಡಿಕೊಳ್ಳಲಿಲ್ಲ — ಅದೊಂದು ಸುಖ, ಅದನ್ನು ಒಪ್ಪಿಕೊಳ್ಳಲೇಬೇಕು. ಎರಡನೆಯ ಭಾನುವಾರ ಆ ತಂಗಿ ತೀರಿಕೊಂಡಳೆಂದು ಹೇಳಿದೆ. ನೀವು ಸೆರಗಿನಿಂದ ಕಣ್ಣೊರೆಸಿಕೊಂಡಿರಿ.

ಐದನೆಯ ಭಾನುವಾರ ಅದು ನನಗೇ ಮರೆತುಹೋಗಿತ್ತು. ತಂಗಿ ಒಲೆ ಹಚ್ಚಿ ಅಣ್ಣನಿಗೆ ಚಹಾ ಕಾಸುತ್ತಿದ್ದಾಳೆ ಎಂದೆ. ನೀವು ಕಣ್ಣು ಬಿಟ್ಟಿರಿ.

"ಸರ, ಆಕಿ ತೀರಿಕೊಂಡ್ಲು ಅಂದಿದ್ರಲ್ರೀ? ಈಗ ಚಾ ಹೆಂಗ ಮಾಡಾಕತ್ತಾಳ?"

ನಿಮ್ಮ ಗದಗಿನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ, ಆಸೆ ಇತ್ತು. ಆಕೆ ಬದುಕಿರಬಹುದೇ ಎಂಬ ಆಸೆ. ನಾನು ಹಾಜರಿ ಪುಸ್ತಕದ ಪುಟ ತಿರುಗಿಸಿ, ಓದಿ ನೋಡಿದವನಂತೆ ತಲೆಯೆತ್ತಿದೆ.

"ನಾನು ಹಾಗೆ ಹೇಳೇ ಇಲ್ಲ ಶಾಂತಕ್ಕ. ಇತ್ತೀಚೆಗೆ ನಿಮಗೆ ಮರೆವು ಜಾಸ್ತಿ ಆಗ್ತಿದೆ."

"ಕನಸಲ್ಲಿ ಕೇಳಿರ್ತೀರ ಬಿಡಿ ಅಕ್ಕಾ," ಎಂದು ಮುನಿರಾಜು ನಗಿಸಿದ. ಅವನದು ತಮಾಷೆ. ನನ್ನದು —

ಅದಕ್ಕೆ ಒಂದು ತಿಂಗಳ ಹಿಂದೆ, ಬಸ್ ಸ್ಟಾಪಿನವರೆಗೆ ನಡೆಯುತ್ತಾ ನೀವು ನನಗೊಬ್ಬನಿಗೇ ಒಂದು ಮಾತು ಹೇಳಿದ್ದಿರಿ. ನಿಮ್ಮ ತಾಯಿ ಕೊನೆಗಾಲದಲ್ಲಿ ನಿಮ್ಮನ್ನೇ ನೋಡಿ "ಯಾರ ಮನಿಯಾಕಿ ನೀನು?" ಎಂದು ಕೇಳುತ್ತಿದ್ದರಂತೆ. "ನನಗೂ ಹಂಗ ಆದೀತು ಅಂತ ಅಂಜಿಕಿ ಐತ್ರಿ ಸರ," ಎಂದಿದ್ದಿರಿ. ಅದೆಲ್ಲ ಗೊತ್ತಿದ್ದೇ ನಾನು ಆ ಮಾತು ಆಡಿದೆ. ನೀವು ವಾದಿಸಲಿಲ್ಲ. "ಹೌದೇನ್ರಿ..." ಎಂದು ನಿಮ್ಮ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಿರಿ. ನಿಮ್ಮ ಸರದಿ ಬಂದಾಗ, ಇವತ್ತು ಬೇಡ ಎಂದಿರಿ. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

ಕೆಲವು ತಿಂಗಳ ನಂತರ ನನ್ನ ಬೆಳಗಿನ ನಡಿಗೆಯಲ್ಲಿ ನಿಮ್ಮ ಮನೆಯ ಮುಂದೆ ಸಾಮಾನಿನ ಟೆಂಪೊ ನಿಂತಿತ್ತು. ನಿಮ್ಮ ಮಗಳು ಪುಸ್ತಕದ ಡಬ್ಬಗಳನ್ನು ಹೊರಗಿಡುತ್ತಿದ್ದಳು.

"ಅವ್ವನ್ನ ಕೆಂಪಾಪುರಕ್ಕೆ ನನ್ ಮನೆಗೇ ಕರ್ಕೊಂಡು ಹೋಗ್ತಿದೀನಿ ಸರ್. ಸ್ಟವ್ ಆರಿಸಿದ್ದನ್ನೂ ಚೀಟಿ ಬರೆದು ಗೋಡೆಗೆ ಅಂಟಿಸ್ತಾಳೆ. ಡಾಕ್ಟ್ರು ಏನೂ ಇಲ್ಲಮ್ಮ ಅಂದ್ರು, ನಂಬಲ್ಲ. ಓದೋದಂತೂ ಬಿಟ್ಟೇ ಬಿಟ್ಟಿದಾಳೆ. ಓದಿದ್ದು ತಲೇಲಿ ಏನೇನೋ ಆಗತ್ತಂತೆ."

ನೀವು ಒಳಗೇ ಇದ್ದಿರಿ. ಹತ್ತು ಹೆಜ್ಜೆ. "ಜೋಪಾನವಾಗಿ ನೋಡ್ಕೊಳ್ಳಮ್ಮ" ಎಂದು ಹೇಳಿ ನಡಿಗೆ ಮುಂದುವರಿಸಿದೆ. ಆ ದಿನವೂ ಏಳೂಕಾಲಿಗೆ ಸರಿಯಾಗಿ ಮನೆ ಸೇರಿದೆ.

ಮರೆವು ನನ್ನದಾಗಿತ್ತು, ಶಾಂತಕ್ಕ. ಅದನ್ನು ನಿಮ್ಮ ತಲೆಗೆ ಕಟ್ಟಿದೆ. ನೀವೊಬ್ಬರೇ ನಡೆಸಿಕೊಂಡಿದ್ದ ಮನೆ ಹೋಯಿತು, ಓದು ಹೋಯಿತು. ಈಗಲೂ ಕೆಲವು ದಿನ ನಸುಕಿನಲ್ಲಿ ಅರ್ಧ ನಿದ್ದೆಯಲ್ಲಿ ನನಗೆ ನೀರಿನ ಸದ್ದು ಕೇಳುತ್ತದೆ. ಯಾರೋ ಕಣ್ಣು ಮುಚ್ಚಿ ಕೇಳುತ್ತಾ ಕೂತಿರುತ್ತಾರೆ. ನಾನು ಬಾಯಿ ತೆರೆದರೆ ಅವರು ಎದ್ದು ಹೋಗುತ್ತಾರೆ.

ಶನಿವಾರ ಕೆಂಪಾಪುರಕ್ಕೆ ಬಂದು ಈ ಪತ್ರವನ್ನೂ ಆ ಹಾಜರಿ ಪುಸ್ತಕವನ್ನೂ ನಿಮ್ಮ ಕೈಗೆ ಕೊಡುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಹೊಸ್ತಿಲ ಬಳಿ ಇಟ್ಟು ಬರುತ್ತೇನೆ. ಭಾನುವಾರ ಏಳಕ್ಕೆ ಇದರ ಪ್ರತಿಯನ್ನು ಹೊಂಗೆಮರದ ಕೆಳಗೆ ಗಟ್ಟಿಯಾಗಿ ಓದುತ್ತೇನೆ. ಗಡಿಯಾರವನ್ನು ಮುನಿರಾಜುವಿಗೆ ಒಪ್ಪಿಸಿ, ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ.

ನಿಮ್ಮ ಗೋಡೆಯ ಚೀಟಿಗಳ ನಡುವೆ ಇದೊಂದನ್ನೂ ಅಂಟಿಸಿಕೊಳ್ಳಿ: ನೀರಗಂಟಿಯ ತಂಗಿ ಎರಡನೆಯ ಭಾನುವಾರವೇ ತೀರಿಕೊಂಡಿದ್ದಳು. ನಿಮಗೆ ಸರಿಯಾಗಿಯೇ ನೆನಪಿತ್ತು.