ಆರಿದ ಮೇಲೆ ಅಳೆಯುವ ಲೇತಕ್ಕ

ಬೆಳಕು ಹರಿಯುವ ಹೊತ್ತು. ಒಲೆಯ ಮೇಲೆ ಹಾಲು, ಪಕ್ಕದ ಕೋಣೆಯಲ್ಲಿ ಕಬ್ಬಿಣ ಕೊರೆಯುವ ಲೇತ್ ಯಂತ್ರದ ಮೇಲೆ ದೋಣಿ ಇಂಜಿನ್ನಿನ ಸಿಲಿಂಡರ್. ಬೀದಿಯವರೆಲ್ಲ ‘ಲೇತಕ್ಕ’ ಎನ್ನುವ ಈ ಹೆಂಗಸಿನ ಕಣ್ಣು ಎರಡರ ಮೇಲೂ ಇದೆ. ಹಾಲು ಉಕ್ಕಿದರೆ ಒರೆಸಬಹುದು; ಸಿಲಿಂಡರಿನ ಒಳಮೈಯನ್ನು ಕೂದಲೆಳೆಯಷ್ಟು ಹೆಚ್ಚು ಕೊರೆದರೆ ಮತ್ತೆ ಅಂಟಿಸಲಾಗದು. ಅವರು ಬಗ್ಗಿ ಕಬ್ಬಿಣಕ್ಕೆ ಕೆನ್ನೆ ತಾಗಿಸುತ್ತಾರೆ. ಪೂರ್ತಿ ತಣ್ಣಗಾಗಿದೆ. ಈಗ ಕೊನೆಯ ಕೊರೆತ.

ಈ ಲೇತ್ ಲೇತಕ್ಕನ ಯಜಮಾನರದ್ದು. ಸವೆದ ಸಿಲಿಂಡರ್ ಸರಿಮಾಡುವುದರಲ್ಲಿ ಅವರದು ಎತ್ತಿದ ಕೈ. ಆ ಕೈಗೇ ಲಕ್ವ ಹೊಡೆದ ಮೇಲೆ ಅವರು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರು, ಇವರು ನಿಂತು ಕಲಿತರು. ಸೌಟು ಹಿಡಿಯುವವಳಿಗೆ ಈ ಉಸಾಬರಿ ಯಾಕೆ ಎಂದವರೂ ಉಂಟು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಇಂದು ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಿಲಿಂಡರ್ ಇವರ ಕೈಯಿಂದ ಹೊರಬೀಳುತ್ತವೆ.

ಆದರೆ ಕಳೆದ ವಾರ ಎಡವಟ್ಟಾಯಿತು. ದೋಣಿಯವನು ಬಾಗಿಲಲ್ಲೇ ಕಾಯುತ್ತಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗೆ ಲೇತಕ್ಕ ಕೊರೆದ ಬಿಸಿಯಲ್ಲೇ ಅಳತೆ ನೋಡಿ ಕೊಟ್ಟುಬಿಟ್ಟರು. “ಬಿಸಿ ಇದ್ದಾಗ ಕಬ್ಬಿಣ ಹಿಗ್ಗಿರುತ್ತೆ. ಅಳತೆ ಸರಿಯಾಗೇ ತೋರಿಸ್ತು. ಆರಿದ ಮೇಲೆ ಬಿಗಿಯಾಯ್ತು,” ಎನ್ನುತ್ತಾರೆ. ನಡುಹೊಳೆಯಲ್ಲಿ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ನಿಂತಿತು. ಪುಣ್ಯಕ್ಕೆ ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಹುಟ್ಟು ಹಾಕಿಕೊಂಡು ದಡ ಸೇರಿದ. ಯಜಮಾನರಿಗೆ ಹೆದರಿಕೆ ಹತ್ತಿತು. ಇನ್ನೊಂದು ಹೀಗಾದರೆ ಲೇತ್ ಮಾರಿಬಿಡೋಣ ಎಂದರು, ಗುಜರಿಯವನಿಗೆ ಇವತ್ತು ಸಂಜೆ ಬಂದು ನೋಡಲೂ ಹೇಳಿಬಿಟ್ಟರು. ಲೇತಕ್ಕ ಆ ರಾತ್ರಿ ಊಟ ಮಾಡಲಿಲ್ಲ. ದೋಣಿಯವನ ಬಳಿ ಹೋಗಿ, ತಪ್ಪು ನನ್ನದು, ಇನ್ನೊಂದು ಮಾಡಿಕೊಡುತ್ತೇನೆ ಎಂದು ಕೇಳಿಕೊಂಡರು.

ಆ ಇನ್ನೊಂದೇ ಇದು. ಕೊರೆದು, ಪೂರ್ತಿ ಆರಿದ ಮೇಲೆ ಅಳೆದು, ಒರೆಸಿ, ಎಣ್ಣೆ ಹಚ್ಚಿದ ಪಿಸ್ಟನ್ನನ್ನು ಸಿಲಿಂಡರಿನ ಒಳಗೆ ಬಿಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುತ್ತದೆ. ಯಜಮಾನರು ಎಡಗೈಯಿಂದ ಅದನ್ನೇ ಎರಡೆರಡು ಸಲ ಆಡಿಸಿ ನೋಡುತ್ತಾರೆ.

ಮಧ್ಯಾಹ್ನ ಹೊಳೆದಂಡೆ. ಇಂಜಿನ್ ಜೋಡಿಸಿ ದೋಣಿಯವನು ಹಗ್ಗ ಎಳೆಯುತ್ತಾನೆ. ಎರಡು ಸಲ ಕೆಮ್ಮಿ ಇಂಜಿನ್ ಶುರುವಾಗುತ್ತದೆ. ಲೇತಕ್ಕ ಸುಮ್ಮನೆ ನಿಲ್ಲುವವರಲ್ಲ. ಮುಳುಗಿದರೆ ಇಬ್ಬರೂ ಮುಳುಗೋಣ ಎಂದು ತಾವೂ ಹತ್ತಿ ಕೂರುತ್ತಾರೆ. ಆಚೆ ದಡ ಮುಟ್ಟಿ, ತಿರುಗಿ, ಮತ್ತೆ ಹೋಗಿ ಬಂದರೂ ಇಂಜಿನ್ನಿನ ಸದ್ದು ಒಂದಿಷ್ಟೂ ಬದಲಾಗುವುದಿಲ್ಲ. “ಅಕ್ಕ, ಹೊಸದರಲ್ಲೂ ಇಷ್ಟು ನಯವಾಗಿ ಓಡಿರ್ಲಿಲ್ಲ ಇದು,” ಎನ್ನುತ್ತಾನೆ ಅವನು. ಲೇತಕ್ಕನಿಗೆ ಹಿಗ್ಗೋ ಹಿಗ್ಗು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ಗುಜರಿಯವನು ಹಾಜರು. ಯಜಮಾನರು ಕುರ್ಚಿಯಿಂದಲೇ ಕೋಣೆಯತ್ತ ಗದ್ದ ತೋರಿಸುತ್ತಾರೆ. “ಲೇತ್ ಈಗ ನಂದಲ್ಲಪ್ಪ, ಅವಳ್ದು. ಅವಳನ್ನೇ ಕೇಳು.”

ಲೇತಕ್ಕ ಯಂತ್ರ ನಿಲ್ಲಿಸುವುದೂ ಇಲ್ಲ, ತಲೆ ಎತ್ತುವುದೂ ಇಲ್ಲ.

“ಮಾರೋಕಿಲ್ಲ ಅಣ್ಣ. ರಿಪೇರಿ ಏನಾದ್ರೂ ಇದ್ರೆ ಇಟ್ಟು ಹೋಗಿ.”