ಪಾರ್ಸಲ್ ಕೋಳಿಯ ಸೂಪು

ಶಕ್ತಿನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಯಾವುದಕ್ಕೂ ಅವಸರವಿರಲಿಲ್ಲ. “ಕುದೀಲಿ ತಡೀರಿ” ಎನ್ನುವುದು ಆಕೆಯ ಮಾತು. ಚಹಾಕ್ಕೂ ಅದೇ, ಜಗಳಕ್ಕೂ ಅದೇ.

ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡು ರಾಯಚೂರಿನ ಆಸ್ಪತ್ರೆಯಿಂದ ಮರಳಿದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಗಂಡ ಹೋಟೆಲಿನಿಂದ ತಂದ ತಂದೂರಿ ಕೋಳಿ ಫ್ರಿಜ್ಜಿನಲ್ಲಿ ಹಾಗೇ ಉಳಿದಿತ್ತು. ಮರುದಿನ ಮಧ್ಯಾಹ್ನ ಆಕೆ ಬಂದು ಪೊಟ್ಟಣ ಬಿಚ್ಚಿ, ಮಾಂಸ ಬಿಡಿಸಿಟ್ಟು, ಮೂಳೆಗಳನ್ನು ಶುಂಠಿ, ಕರಿಮೆಣಸಿನೊಂದಿಗೆ ಕುದಿಯಲು ಇಟ್ಟಳು. ಆಮೇಲೆ ಮಾಂಸವನ್ನೂ ಒಂದು ಹಿಡಿ ಅನ್ನವನ್ನೂ ಹಾಕಿದಳು. ಮನೆಯೆಲ್ಲ ಹಬೆ ತುಂಬಿ, ನಾನು ನದಿಯ ತಳದಲ್ಲಿ ಕುಳಿತಂತೆ ಅನಿಸುತ್ತಿತ್ತು.

ಬಟ್ಟಲನ್ನು ಕೈಗಿಟ್ಟು ಕೇಳಿದಳು, “ಕೂಸಿಗೆ ಏನಂತ ಹೆಸರಿಡಬೇಕಂತ ಮಾಡಿದ್ರಿ?”

ಮರೆತುಬಿಡು ಎಂದವರೇ ಎಲ್ಲರೂ. ಇದನ್ನು ಯಾರೂ ಕೇಳಿರಲಿಲ್ಲ. ಹೇಳಿದೆ. ಆಕೆ ಆ ಹೆಸರನ್ನು ಒಮ್ಮೆ ಮೆಲ್ಲಗೆ ಅಂದು ನೋಡಿ, “ಚಂದ ಅದ” ಎಂದಳು. ನಾನು ಅಳುತ್ತಲೇ ಬಟ್ಟಲು ಖಾಲಿ ಮಾಡಿದೆ.